ರಾಯಚೂರಿನ ಬೇಸಿಗೆಯಲ್ಲಿ ದರ ಸ್ಥಿರಾಂಕ ಯಾಕೆ ಹೊಂದುವುದಿಲ್ಲ: ಎಥೈಲ್ ಅಸಿಟೇಟ್ ಪ್ರಯೋಗದ ದೋಷ ನಿವಾರಣೆ

ಎಥೈಲ್ ಅಸಿಟೇಟ್‌ಗೆ ಸೋಡಿಯಂ ಹೈಡ್ರಾಕ್ಸೈಡ್ ಬೆರೆಸಿ ಕ್ರಿಯೆಯ ದರ ಅಳೆಯುವ ಪ್ರಯೋಗವನ್ನು ಕೆಮಿಕಲ್ ಎಂಜಿನಿಯರಿಂಗ್ ಓದುವವರೆಲ್ಲ ಒಮ್ಮೆಯಾದರೂ ಮಾಡುತ್ತಾರೆ. ಕ್ರಿಯೆ ಎಷ್ಟು ವೇಗವಾಗಿ ನಡೆಯುತ್ತದೆ ಎಂದು ಹೇಳುವ ಸಂಖ್ಯೆಯೇ ದರ ಸ್ಥಿರಾಂಕ, ಅದು 25 ಡಿಗ್ರಿಗೆ ಸುಮಾರು 0.11 ಲೀಟರ್/ಮೋಲ್·ಸೆಕೆಂಡ್ ಇರಬೇಕು. ಅದೇ ಪ್ರಯೋಗವನ್ನು ಏಪ್ರಿಲ್‌ನಲ್ಲಿ ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಮಾಡಿದರೆ ಒಬ್ಬರಿಗೆ 0.25 ಬರುತ್ತದೆ, ಪಕ್ಕದ ಬೆಂಚಿನವರಿಗೆ 0.1 ಬರುತ್ತದೆ, ಇನ್ನೊಬ್ಬರಿಗೆ 12. ಆಗ ದ್ರಾವಣವನ್ನೆಲ್ಲ ಸಿಂಕಿಗೆ ಸುರಿದು ಮೊದಲಿಂದ ಶುರು ಮಾಡುವವರೇ ಹೆಚ್ಚು. ಎರಡನೇ ಸಲವೂ ಅದೇ ತಪ್ಪು ಆಗುತ್ತದೆ, ಏಕೆಂದರೆ ತಪ್ಪು ಎಲ್ಲಿತ್ತು ಎಂದು ಯಾರೂ ನೋಡಿರುವುದಿಲ್ಲ.

ಪ್ರಯೋಗವನ್ನು ಮತ್ತೆ ಮಾಡುವ ಮೊದಲು ಕೈಯಲ್ಲಿರುವ ಅಂಕಿಗಳನ್ನೇ ಓದಿ. ಪ್ರತಿಯೊಂದು ದೋಷವೂ ಅಂಕಿಗಳಲ್ಲಿ ತನ್ನದೇ ಗುರುತು ಬಿಟ್ಟಿರುತ್ತದೆ. ಉತ್ತರ ಎಷ್ಟು ಪಟ್ಟು ತಪ್ಪಿದೆ ಎಂಬುದು ಮೊದಲ ಗುರುತು, ಗ್ರಾಫಿನ ಗೆರೆ ಎಲ್ಲಿ, ಯಾವ ಕಡೆ ಬಾಗಿದೆ ಎಂಬುದು ಎರಡನೆಯದು. ಮುಂದೆ ಎಥೈಲ್ ಅಸಿಟೇಟನ್ನು ಎಸ್ಟರ್ ಎಂದೂ, ಸೋಡಿಯಂ ಹೈಡ್ರಾಕ್ಸೈಡನ್ನು ಕಾಸ್ಟಿಕ್ ಎಂದೂ, ದರ ಸ್ಥಿರಾಂಕವನ್ನು ಕೆ ಎಂದೂ, ಉಳಿದಿರುವ ಕಾಸ್ಟಿಕ್‌ನ ಸಾರತೆಯನ್ನು (ಕಾನ್ಸಂಟ್ರೇಶನ್) ಸಿ ಎಂದೂ ಕರೆಯುತ್ತೇವೆ.

ನಿಮ್ಮ ಉಷ್ಣಾಂಶಕ್ಕೆ ಎಷ್ಟು ಬರಬೇಕು?

25 ಡಿಗ್ರಿಯ ಬೆಲೆಯನ್ನು 38 ಡಿಗ್ರಿಯ ಕೋಣೆಯಲ್ಲಿ ಹುಡುಕುವುದೇ ಮೊದಲ ತಪ್ಪು. ಈ ಕ್ರಿಯೆಯ ಸಕ್ರಿಯಣ ಶಕ್ತಿ, ಅಂದರೆ ಲ್ಯಾಬಿನಲ್ಲಿ ಎಲ್ಲರೂ ಆಕ್ಟಿವೇಶನ್ ಎನರ್ಜಿ ಎನ್ನುವುದು, ಮೋಲಿಗೆ ಸುಮಾರು 47 ಕಿಲೋಜೌಲ್. ಉಷ್ಣಾಂಶಕ್ಕೆ ತಕ್ಕಂತೆ ದರ ಸ್ಥಿರಾಂಕ ಹೇಗೆ ಬದಲಾಗುತ್ತದೆ ಎಂದು ವಿಜ್ಞಾನಿ ಅರ್ಹೇನಿಯಸ್ 1889ರಲ್ಲಿ ಕೊಟ್ಟ ಸಮೀಕರಣಕ್ಕೆ ಇದನ್ನು ಹಾಕಿದರೆ ಬರುವ ಬೆಲೆಗಳು ಹೀಗಿವೆ:

25 ಡಿಗ್ರಿಗೆ 0.11
30 ಡಿಗ್ರಿಗೆ 0.15
35 ಡಿಗ್ರಿಗೆ 0.20
40 ಡಿಗ್ರಿಗೆ 0.27
50 ಡಿಗ್ರಿಗೆ 0.48

ಇವನ್ನು ಪ್ರಯೋಗ ಶುರು ಮಾಡುವ ಮುಂಚೆ ನೋಟ್‌ಬುಕ್ಕಿನ ಮೇಲ್ತುದಿಯಲ್ಲಿ ಬರೆದುಕೊಳ್ಳಿ. ಹೀಗೆ ನೋಡಿದರೆ 38-39 ಡಿಗ್ರಿಯಲ್ಲಿ 0.25 ಬಂದವರು ಸರಿಯಾಗಿಯೇ ಮಾಡಿದ್ದಾರೆ. ಅದೇ ಕೋಣೆಯಲ್ಲಿ 0.1 ಬಂದವರದ್ದೇ ತಪ್ಪು.

ಅನುಪಾತ ನೋಡಿ

ಬಂದ ಬೆಲೆಯನ್ನು ಬರಬೇಕಾದ ಬೆಲೆಯಿಂದ ಭಾಗಿಸಿ. 60ರ ಹತ್ತಿರ ಬಂದರೆ ಸಮಯವನ್ನು ನಿಮಿಷದಲ್ಲಿ ಹಾಕಿ ಉತ್ತರದ ಮುಂದೆ ಸೆಕೆಂಡ್ ಎಂದು ಬರೆದಿದ್ದೀರಿ. 12 ಬಂದವರ ಕಥೆ ಇದೇ: 35 ಡಿಗ್ರಿಯ 0.20ನ್ನು 60ರಿಂದ ಗುಣಿಸಿದರೆ 12. 1000 ಪಟ್ಟು ತಪ್ಪಿದ್ದರೆ ಲೀಟರ್ ಮತ್ತು ಮಿಲಿಲೀಟರ್ ಅದಲುಬದಲಾಗಿವೆ. 2.3 ಪಟ್ಟು ಕಡಿಮೆ ಇದ್ದರೆ ಸ್ವಾಭಾವಿಕ ಲಾಗ್ ಒತ್ತಬೇಕಾದಲ್ಲಿ ಹತ್ತರ ಲಾಗ್ ಒತ್ತಿದ್ದೀರಿ. ಆದರೆ ಇದು ಸೂತ್ರದಲ್ಲಿ ಲಾಗ್ ಇದ್ದಾಗ ಮಾತ್ರ, ಎರಡೂ ಸಾರತೆ ಸಮ ಇದ್ದಾಗ ಬಳಸುವ 1/ಸಿ ಗ್ರಾಫಿನಲ್ಲಿ ಲಾಗೇ ಬರುವುದಿಲ್ಲ.

ಸರಿಯಾಗಿ ಅರ್ಧ ಅಥವಾ ಸರಿಯಾಗಿ ದುಪ್ಪಟ್ಟು ಬಂದರೆ ಸ್ವಲ್ಪ ನಿಂತು ಯೋಚಿಸಬೇಕು. 0.1 ಮೋಲಾರ್ ಎಸ್ಟರ್ 100 ಮಿಲಿ, 0.1 ಮೋಲಾರ್ ಕಾಸ್ಟಿಕ್ 100 ಮಿಲಿ ಬೆರೆಸಿದ ಕೂಡಲೇ ಎರಡರ ಸಾರತೆಯೂ 0.05 ಆಗುತ್ತದೆ. ದ್ರಾವಣದ ವಿದ್ಯುತ್ ವಾಹಕತೆ ಅಳೆದು ಲೆಕ್ಕ ಹಾಕುವವರು ಇಲ್ಲಿ 0.1 ಎಂದೇ ಇಟ್ಟುಕೊಂಡರೆ ಕೆ ಸರಿಯಾಗಿ ಅರ್ಧಕ್ಕೆ ಇಳಿಯುತ್ತದೆ. ಟೈಟ್ರೇಷನ್ ಮಾಡುವವರಿಗೆ, ಅಂದರೆ ಬ್ಯೂರೆಟ್‌ನಿಂದ ಹನಿ ಹನಿ ಹಾಕಿ ಅಳೆಯುವವರಿಗೆ, ಈ ತೊಂದರೆ ಇಲ್ಲ, ಏಕೆಂದರೆ ಅವರು ಸಿ ಅನ್ನು ನೇರವಾಗಿ ಅಳೆಯುತ್ತಾರೆ. ಅವರ ತಪ್ಪೇ ಬೇರೆ: 10 ಮಿಲಿ ಮಾದರಿಯನ್ನು 10 ಮಿಲಿ ಆಮ್ಲಕ್ಕೆ ಸುರಿದ ಮೇಲೆ ಭಾಗಿಸುವಾಗ 10ರ ಬದಲು 20 ಹಾಕುತ್ತಾರೆ. ಆಗ ಸಿ ಅರ್ಧವಾಗಿ ಕೆ ದುಪ್ಪಟ್ಟಾಗುತ್ತದೆ.

ಅನುಪಾತ 1.4, 0.8, 1.2 ಹೀಗೆ ಒರಟಾಗಿ ಬಂದರೆ ಅದು ಕ್ಯಾಲ್ಕುಲೇಟರಿನ ತಪ್ಪಲ್ಲ. ಬೆಂಚಿಗೆ ಹೋಗಬೇಕು.

ಉಷ್ಣಾಂಶ: ನಮ್ಮ ಕಡೆ ಮೊದಲು ಹಿಡಿಯಬೇಕಾದದ್ದು

30 ಡಿಗ್ರಿಯ ಆಸುಪಾಸಿನಲ್ಲಿ ಒಂದು ಡಿಗ್ರಿ ತಪ್ಪಿದರೆ ಕೆ ಶೇಕಡಾ 6ರಷ್ಟು ತಪ್ಪುತ್ತದೆ. ಐದು ಡಿಗ್ರಿ ತಪ್ಪಿದರೆ ಶೇಕಡಾ 35. ಬ್ಯೂರೆಟ್‌ನಲ್ಲಿ ಒಂದು ಹನಿಗಾಗಿ ಕಣ್ಣು ಕಿರಿದು ಮಾಡಿ ನೋಡುವವರೂ ಥರ್ಮಾಮೀಟರನ್ನು ಒಮ್ಮೆ ಮಾತ್ರ, ಅದೂ ವಾಟರ್ ಬಾತ್‌ನಲ್ಲಿ ನೋಡುತ್ತಾರೆ. ನೋಡಬೇಕಾದ್ದು ಫ್ಲಾಸ್ಕಿನೊಳಗೆ.

ಲ್ಯಾಬುಗಳಲ್ಲಿ ಇರುವ ಸಾದಾ ವಾಟರ್ ಬಾತ್‌ಗೆ ಬಿಸಿ ಮಾಡಲು ಬರುತ್ತದೆ, ತಣ್ಣಗೆ ಮಾಡಲು ಬರುವುದಿಲ್ಲ. ಕೋಣೆ 37 ಡಿಗ್ರಿ ಇರುವಾಗ ಗುಂಡಿಯನ್ನು 30ಕ್ಕೆ ತಿರುಗಿಸಿದರೆ ಹೀಟರ್ ಸುಮ್ಮನೆ ಆರಿರುತ್ತದೆ, ನೀರು 37ರಲ್ಲೇ ಕೂತಿರುತ್ತದೆ. ಮಾಳಿಗೆ ಮೇಲಿನ ಟ್ಯಾಂಕಿನಿಂದ ಮಧ್ಯಾಹ್ನ ನೀರು ತುಂಬಿಸಿದರೆ ಇನ್ನೂ ಮೇಲೆ. ರೆಕಾರ್ಡಿನಲ್ಲಿ ಮಾತ್ರ 30 ಎಂದು ಬರೆದಿರುತ್ತಾರೆ, ಏಕೆಂದರೆ ಡಿಸ್ಪ್ಲೇನಲ್ಲಿ ನೋಡಿದ್ದು ಇಟ್ಟ ಬೆಲೆಯನ್ನು, ನಿಜವಾದ ಬೆಲೆಯನ್ನಲ್ಲ. ಕೆ 1.5 ಪಟ್ಟು ಹೆಚ್ಚು ಬಂದು ಗೆರೆ ಮಾತ್ರ ಚೊಕ್ಕಟವಾಗಿ ನೇರವಿದ್ದರೆ ಬೇರೆ ಏನನ್ನೂ ಹುಡುಕಬೇಡಿ, ಇದೇ.

ಪರಿಹಾರ ಎರಡು ಇವೆ. ಸುಲಭದ್ದು, ಬಾತ್ ಅನ್ನು ಕೋಣೆಗಿಂತ ಕನಿಷ್ಠ 4-5 ಡಿಗ್ರಿ ಮೇಲೆ ಇಟ್ಟು, ಬೇಸಿಗೆಯಲ್ಲಿ 40 ಅಥವಾ 42ಕ್ಕೆ, ಅದೇ ಉಷ್ಣಾಂಶದ ಬೆಲೆಯೊಂದಿಗೆ ಹೋಲಿಸುವುದು. ಆಗ ಥರ್ಮೋಸ್ಟಾಟ್‌ಗೆ ಕೆಲಸ ಇರುತ್ತದೆ, ಉಷ್ಣಾಂಶ ಹಿಡಿತದಲ್ಲಿರುತ್ತದೆ. 30 ಡಿಗ್ರಿಯೇ ಬೇಕೆಂದರೆ ಐಸ್ ಬೇಕು. 10 ಲೀಟರ್ ನೀರನ್ನು 36ರಿಂದ 30ಕ್ಕೆ ಇಳಿಸಲು ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ಐಸ್ ಸಾಕು, ಆದರೆ ಐಸ್ ಕರಗಿದ ಮೇಲೆ ನೀರು ಮತ್ತೆ ಮೇಲೇರುತ್ತದೆ. ಅದಕ್ಕೆ ಐಸನ್ನು ನೇರವಾಗಿ ಹಾಕುವ ಬದಲು ಹಿಂದಿನ ರಾತ್ರಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಹೆಪ್ಪುಗಟ್ಟಿಸಿದ ಒಂದು ಲೀಟರ್ ನೀರಿನ ಬಾಟಲಿಯನ್ನು ಬಾತ್‌ನ ಒಂದು ಮೂಲೆಯಲ್ಲಿ ಮುಳುಗಿಸಿಡಿ. ಬಾಟಲಿ ನಿಧಾನವಾಗಿ ತಣ್ಣಗೆ ಮಾಡುತ್ತಿರುತ್ತದೆ, ಹೀಟರ್ ಆಗಾಗ ಹೊತ್ತಿಕೊಂಡು 30ಕ್ಕೆ ತಂದು ನಿಲ್ಲಿಸುತ್ತದೆ. ಬಾತ್‌ನ ನೀರು ಕಲಕುತ್ತಿರಬೇಕು, ಇಲ್ಲದಿದ್ದರೆ ಬಾಟಲಿಯ ಹತ್ತಿರ ಒಂದು ಉಷ್ಣಾಂಶ, ಹೀಟರಿನ ಹತ್ತಿರ ಇನ್ನೊಂದು.

ಎಸ್ಟರ್ ಮತ್ತು ಕಾಸ್ಟಿಕ್ ಎರಡನ್ನೂ ಬೇರೆ ಬೇರೆ ಫ್ಲಾಸ್ಕಿನಲ್ಲಿ, ಬಿರಡೆ ಹಾಕಿ, ಬಾತ್‌ನಲ್ಲಿ 15-20 ನಿಮಿಷ ಇಟ್ಟ ಮೇಲೆ ಬೆರೆಸಿ. ಒಂದನ್ನು ಮಾತ್ರ ಬಾತ್‌ನಲ್ಲಿಟ್ಟು ಇನ್ನೊಂದನ್ನು ಬೆಂಚಿನಿಂದ ತೆಗೆದು ಸುರಿದರೆ ಮೊದಲ ಎರಡು ಮೂರು ಬಿಂದುಗಳು ಗೆರೆಯಿಂದ ಹೊರಗೆ ನಿಲ್ಲುತ್ತವೆ, ಆಮೇಲೆ ಗೆರೆ ಸರಿಯಾಗುತ್ತದೆ. ಕ್ರಿಯೆ ಹೊರಬಿಡುವ ಶಾಖ 0.05 ಮೋಲಾರ್‌ನಲ್ಲಿ ಉಷ್ಣಾಂಶವನ್ನು ಏರಿಸುವುದು ಒಂದು ಡಿಗ್ರಿಗಿಂತ ಕಡಿಮೆ, ಬಾತ್ ಅದನ್ನು ಹೀರಿಕೊಳ್ಳುತ್ತದೆ.

ಒಂದು ವಿಷಯಕ್ಕೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ: ಗಾಜಿನ ಸಾಮಾನುಗಳ ಮೇಲೆ 20 ಅಥವಾ 27 ಡಿಗ್ರಿ ಎಂದು ಬರೆದಿರುವುದು. 27ರಲ್ಲಿ ಅಳತೆ ಮಾಡಿದ ಫ್ಲಾಸ್ಕನ್ನು 38ರಲ್ಲಿ ಬಳಸಿದರೆ ನೀರು ಹಿಗ್ಗಿದ್ದರಿಂದ ಆಗುವ ತಪ್ಪು ಶೇಕಡಾ 0.4ಕ್ಕೂ ಕಡಿಮೆ. ಉಷ್ಣಾಂಶದ ನಿಜವಾದ ಪೆಟ್ಟು ಕ್ರಿಯೆಯ ಮೇಲೆ, ಗಾಜಿನ ಮೇಲಲ್ಲ.

ಎಸ್ಟರ್ ಹಾರಿಹೋಗುವುದು

ಎಥೈಲ್ ಅಸಿಟೇಟ್ 77 ಡಿಗ್ರಿಗೆ ಕುದಿಯುತ್ತದೆ. ಅದರ ಆವಿ ಒತ್ತಡ 25 ಡಿಗ್ರಿಯಲ್ಲಿ ಸುಮಾರು 95 ಮಿಲಿಮೀಟರ್ ಪಾದರಸ, 40ರಲ್ಲಿ ಅದರ ಎರಡರಷ್ಟು. ಬೇಸಿಗೆಯ ಮಧ್ಯಾಹ್ನ ಪಿಪೆಟ್‌ನಲ್ಲಿ ಅದನ್ನು ಎಳೆದರೆ ಒಳಗೇ ಆವಿಯಾಗಿ ಗುಳ್ಳೆ ಬರುತ್ತದೆ, ತುದಿಯಿಂದ ತಾನಾಗಿಯೇ ತೊಟ್ಟಿಕ್ಕುತ್ತದೆ. 9.8 ಮಿಲಿ ಎಂದುಕೊಂಡದ್ದು ಫ್ಲಾಸ್ಕಿಗೆ ಬೀಳುವಷ್ಟರಲ್ಲಿ 9.4 ಆಗಿರುತ್ತದೆ.

ಹೀಗಾಗಿ ಅಳೆಯಬೇಡಿ, ತೂಗಿ. ಒಂದು ಲೀಟರಿನ ಫ್ಲಾಸ್ಕಿಗೆ ಮುಕ್ಕಾಲು ಭಾಗ ತಣ್ಣನೆಯ ಭಟ್ಟಿ ಇಳಿಸಿದ ನೀರು ಹಾಕಿ, ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಎಸ್ಟರನ್ನು ನೇರವಾಗಿ ನೀರಿಗೆ ಬೀಳುವಂತೆ 8.81 ಗ್ರಾಂ ಹಾಕಿ, ತಕ್ಷಣ ಬಿರಡೆ ಹಾಕಿ ಕುಲುಕಿ. ಅಷ್ಟು ಭಾರ ತೂಗುವ ತಕ್ಕಡಿ ಇಲ್ಲದಿದ್ದರೆ 100 ಮಿಲಿ ಫ್ಲಾಸ್ಕಿನಲ್ಲಿ 0.881 ಗ್ರಾಂ ಸಾಕು. ಎಥೈಲ್ ಅಸಿಟೇಟ್ ನೀರಿನಲ್ಲಿ 100 ಮಿಲಿಗೆ 8 ಗ್ರಾಂನಷ್ಟು ಕರಗುವುದರಿಂದ ಇದು ಪೂರ್ತಿ ಕರಗುತ್ತದೆ, ಆದರೆ ಕುಲುಕದೆ ಬಿಟ್ಟರೆ ಮೇಲೆ ತೇಲುತ್ತದೆ. ದ್ರಾವಣವನ್ನು ಅದೇ ದಿನ ಬಳಸಿ. ಹಳೆಯ ಬಾಟಲಿಯ ಎಸ್ಟರ್‌ನಲ್ಲಿ ಅಸಿಟಿಕ್ ಆಮ್ಲ ಹುಟ್ಟಿರಬಹುದು: 10 ಮಿಲಿ ಎಸ್ಟರ್ ದ್ರಾವಣಕ್ಕೆ ಕ್ಷಾರ ಸಿಕ್ಕರೆ ಗುಲಾಬಿಯಾಗುವ ಸೂಚಕ ಫೀನಾಲ್ಫ್ಥಲೀನ್ ಎರಡು ಹನಿ, 0.1 ಮೋಲಾರ್ ಕಾಸ್ಟಿಕ್ ಒಂದು ಹನಿ ಹಾಕಿದಾಗ ಗುಲಾಬಿ ಬಣ್ಣ ಮೂಡಿದರೆ ಸರಿ. ನಾಲ್ಕೈದು ಹನಿ ಬಿದ್ದರೂ ಬಣ್ಣ ಬರದಿದ್ದರೆ ಆ ಬಾಟಲಿಯನ್ನು ಬಿಡಿ.

ಕಾಸ್ಟಿಕ್ ಮತ್ತು ಬೋರ್ ನೀರು

ಕಾಸ್ಟಿಕ್ ಹಳಕುಗಳು ತೂಗುತ್ತಿರುವಾಗಲೇ ತೇವ ಮತ್ತು ಗಾಳಿಯ ಕಾರ್ಬನ್ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. 4 ಗ್ರಾಂ ತೂಗಿ ಒಂದು ಲೀಟರ್ ಮಾಡಿದ್ದನ್ನು 0.1 ಮೋಲಾರ್ ಎಂದು ನಂಬಬಾರದು. ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟನ್ನು 110-120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ, ತಣಿಸಿ, 0.50 ಗ್ರಾಂ ತೂಗಿ, ಕಾಸ್ಟಿಕ್‌ನಿಂದ ಟೈಟ್ರೇಟ್ ಮಾಡಿ. 24.5 ಮಿಲಿ ಆದರೆ 0.1 ಮೋಲಾರ್. 25.5 ಆದರೆ ಅದು 0.096.

ನೀರಿನ ವಿಷಯ ನಮ್ಮ ಕಡೆಯ ಜಿಲ್ಲೆಗಳಲ್ಲಿ ಗಂಭೀರ. ಭಟ್ಟಿ ಇಳಿಸಿದ ನೀರು ಮುಗಿದಾಗ ನಲ್ಲಿಯ ಬೋರ್ ನೀರಿನಲ್ಲಿ ದ್ರಾವಣ ಮಾಡಿದರೆ ಏನಾಗುತ್ತದೆಂದು ಕಣ್ಣಿಗೇ ಕಾಣುತ್ತದೆ. ಗಡಸು ನೀರಿಗೆ ಕಾಸ್ಟಿಕ್ ಬಿದ್ದ ಕೂಡಲೇ ತಿಳಿ ಮಜ್ಜಿಗೆಯಂತೆ ಮಬ್ಬಾಗಿ, ಅರ್ಧ ಗಂಟೆಯಲ್ಲಿ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಮೆಗ್ನೀಸಿಯಂ ಹೈಡ್ರಾಕ್ಸೈಡ್. ನೀರಿನ ಬೈಕಾರ್ಬೊನೇಟ್ ಕ್ಷಾರತೆ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 300 ಮಿಲಿಗ್ರಾಂ ಎಂದುಕೊಳ್ಳಿ, ಅಷ್ಟೇ ಇದ್ದರೂ ಲೀಟರಿಗೆ 6 ಮಿಲಿಮೋಲ್ ಕಾಸ್ಟಿಕ್ ತಿಂದುಹಾಕುತ್ತದೆ, 0.1 ಮೋಲಾರ್ ದ್ರಾವಣದಲ್ಲಿ ಇದು ಶೇಕಡಾ 6. ಆರ್‌ಓ ನೀರಿನಲ್ಲಿ ಗಡಸು ಹೋಗಿದ್ದರೂ ಕಾರ್ಬನ್ ಡೈಆಕ್ಸೈಡ್ ಉಳಿದಿರುತ್ತದೆ. ಭಟ್ಟಿ ಇಳಿಸಿದ ನೀರನ್ನು ಹತ್ತು ನಿಮಿಷ ಕುದಿಸಿ, ಮುಚ್ಚಿ ತಣಿಸಿ, ಅದರಲ್ಲೇ ಎರಡೂ ದ್ರಾವಣ ಮಾಡಿ. ಕಾಸ್ಟಿಕನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಗಾಜಿನ ಬಿರಡೆ ಕಾಸ್ಟಿಕ್‌ಗೆ ಕಚ್ಚಿಕೊಂಡು ಬಿಡುವುದೇ ಇಲ್ಲ.

ಒಂದು ಸರಿಯಾದ ಓಟದ ಅಂಕಿಗಳು

ಹೋಲಿಸಿ ನೋಡಲು ಒಂದು ಓಟದ, ಅಂದರೆ ಪೂರ್ತಿ ಒಂದು ಸಲದ ಪ್ರಯೋಗದ, ಮಾದರಿ ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು. 35 ಡಿಗ್ರಿ, ಬೆರೆಸಿದ ಮೇಲೆ ಎರಡೂ 0.05 ಮೋಲಾರ್. 10 ಮಿಲಿ ಮಾದರಿಯನ್ನು 10 ಮಿಲಿ 0.06 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸುರಿದು ಕ್ರಿಯೆ ನಿಲ್ಲಿಸಿ, ಉಳಿದ ಆಮ್ಲವನ್ನು 0.025 ಮೋಲಾರ್ ಕಾಸ್ಟಿಕ್‌ನಿಂದ ಟೈಟ್ರೇಟ್ ಮಾಡಿದರೆ ಹೀಗೆ ಬರಬೇಕು:

60 ಸೆಕೆಂಡ್: ಬ್ಯೂರೆಟ್ 11.6 ಮಿಲಿ, ಸಿ 0.0310, 1/ಸಿ 32
120 ಸೆಕೆಂಡ್: 15.0 ಮಿಲಿ, ಸಿ 0.0225, 1/ಸಿ 44.5
240 ಸೆಕೆಂಡ್: 18.2 ಮಿಲಿ, ಸಿ 0.0145, 1/ಸಿ 69
480 ಸೆಕೆಂಡ್: 20.6 ಮಿಲಿ, ಸಿ 0.0085, 1/ಸಿ 118
900 ಸೆಕೆಂಡ್: 22.0 ಮಿಲಿ, ಸಿ 0.0049, 1/ಸಿ 204

ಲೆಕ್ಕ ಸರಳ: 0.06ರಿಂದ, ಬ್ಯೂರೆಟ್ ಓದನ್ನು 0.0025ರಿಂದ ಗುಣಿಸಿ ಕಳೆದರೆ ಸಿ. 1/ಸಿ ಅನ್ನು ಸಮಯದ ಎದುರು ಹಾಕಿದರೆ ಗೆರೆಯ ಇಳಿಜಾರೇ ಕೆ. ಅಡ್ಡಗೆರೆಯ ಸೊನ್ನೆಯಲ್ಲಿ ಗೆರೆ 20ಕ್ಕೆ ತಾಗಬೇಕು, ಏಕೆಂದರೆ 1ನ್ನು 0.05ರಿಂದ ಭಾಗಿಸಿದರೆ 20. ಅದು 26ಕ್ಕೆ ತಾಗಿದರೆ ಸ್ಟಾಪ್‌ವಾಚ್ ತಡವಾಗಿ ಒತ್ತಿದ್ದೀರಿ, 14ಕ್ಕೆ ತಾಗಿದರೆ ಬೇಗ ಒತ್ತಿದ್ದೀರಿ. ಒಂದು ದ್ರಾವಣವನ್ನು ಇನ್ನೊಂದಕ್ಕೆ ಸುರಿಯಲು 10 ಸೆಕೆಂಡ್ ಬೇಕು. ಅರ್ಧ ಸುರಿದಾಗ ಒತ್ತುವುದು ವಾಡಿಕೆ. ಮಾದರಿ ತೆಗೆಯುವಾಗಲೂ ಪಿಪೆಟ್ ಅರ್ಧ ಖಾಲಿಯಾದ ಕ್ಷಣವನ್ನೇ ಸಮಯ ಎಂದು ಬರೆಯಿರಿ. ಸ್ಟಾಪ್‌ವಾಚ್ ತಪ್ಪಿದರೆ ಗೆರೆ ಪಕ್ಕಕ್ಕೆ ಸರಿಯುತ್ತದೆ ಅಷ್ಟೇ, ಇಳಿಜಾರು ಕೆಡುವುದಿಲ್ಲ. ಹಾಗಾಗಿ ಒಂದೇ ಬಿಂದುವಿನಿಂದ ಕೆ ಲೆಕ್ಕ ಹಾಕಬೇಡಿ, ಇಳಿಜಾರಿನಿಂದ ಹಾಕಿ.

ಈಗ ಬ್ಯೂರೆಟ್‌ನಲ್ಲಿ 0.1 ಮಿಲಿ ತಪ್ಪು ಓದಿದ್ದೀರಿ ಎಂದುಕೊಳ್ಳಿ. 60 ಸೆಕೆಂಡಿನ ಬಿಂದುವಿನಲ್ಲಿ 1/ಸಿ 32.2ರಿಂದ 32.5ಕ್ಕೆ ಸರಿಯುತ್ತದೆ, ಕಾಣುವುದೇ ಇಲ್ಲ. 900 ಸೆಕೆಂಡಿನಲ್ಲಿ ಅದೇ 0.1 ಮಿಲಿ 204ನ್ನು 215ಕ್ಕೆ ಏರಿಸುತ್ತದೆ. ಕಂಪ್ಯೂಟರಿನ ಶೀಟ್ ಗೆರೆ ಎಳೆಯುವಾಗ ಎಲ್ಲ ಬಿಂದುಗಳನ್ನೂ ಸಮಾನವಾಗಿ ನಂಬುತ್ತದೆ. ಅತಿ ಮೇಲೆ, ಅತಿ ದೂರದಲ್ಲಿ ಕೂತ ಕೊನೆಯ ಬಿಂದು ಇಡೀ ಗೆರೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಅತ್ಯಂತ ಕಡಿಮೆ ನಂಬಬೇಕಾದ ಬಿಂದುವಿಗೆ ಅತ್ಯಂತ ಹೆಚ್ಚು ಬಲ ಸಿಕ್ಕಂತಾಯಿತು. ಶೇಕಡಾ 80ರಷ್ಟು ಕ್ರಿಯೆ ಮುಗಿದ ಮೇಲಿನ ಬಿಂದುಗಳನ್ನು ಇಳಿಜಾರಿಗೆ ಬಳಸಬೇಡಿ. ಗ್ರಾಫಿನಲ್ಲಿ ತೋರಿಸಿ, ಲೆಕ್ಕಕ್ಕೆ ಬಿಡಿ. ಮೇಲಿನ ಓಟದಲ್ಲಿ ಅಂದರೆ ಸುಮಾರು 7 ನಿಮಿಷದವರೆಗೆ ಮಾತ್ರ. 60ರಿಂದ 240 ಸೆಕೆಂಡಿನ ನಡುವೆ ಮೂರರ ಬದಲು ಆರು ಮಾದರಿ ತೆಗೆದರೆ ಕೊನೆಯ ಆ ಬಿಂದುಗಳಿಗಿಂತ ಎಷ್ಟೋ ಪಾಲು ಲಾಭ.

ಗೆರೆ ಬಾಗಿದರೆ

1/ಸಿ ಗೆರೆ ಕೊನೆಗೆ ಕೆಳಕ್ಕೆ ಬಾಗಿ ಮಲಗುತ್ತಾ ಹೋದರೆ ಎಸ್ಟರ್ ಕಡಿಮೆಯಿದೆ. ಎಸ್ಟರ್ ಮುಗಿದ ಮೇಲೂ ಕಾಸ್ಟಿಕ್ ಉಳಿಯುವುದರಿಂದ ಸಿ ಸೊನ್ನೆಗೆ ಇಳಿಯುವುದೇ ಇಲ್ಲ. ಎಸ್ಟರ್ ಶೇಕಡಾ 4 ಮಾತ್ರ ಕಡಿಮೆ ಇದ್ದರೂ, ಅಂದರೆ 0.048 ಇದ್ದರೂ, ಮೇಲಿನ ಓಟದಲ್ಲಿ 120 ಸೆಕೆಂಡಿನ 1/ಸಿ 44.5ರ ಬದಲು 43 ಬರುತ್ತದೆ. 900 ಸೆಕೆಂಡಿನಲ್ಲಿ 204ರ ಬದಲು 167. ಮೊದಲಲ್ಲಿ ಶೇಕಡಾ 3ರ ತಪ್ಪು ಕೊನೆಯಲ್ಲಿ 18 ಆಗಿದೆ. ನಾಲ್ಕು ಶೇಕಡಾ ಎಂದರೆ ಪಿಪೆಟ್‌ನಿಂದ ತೊಟ್ಟಿಕ್ಕಿದ ಆ 0.4 ಮಿಲಿ.

ಗೆರೆ ಮೇಲಕ್ಕೆ ಬಾಗಿದರೆ ತಿರುವುಮುರುವು: ಕಾಸ್ಟಿಕ್ ಕಡಿಮೆ, ಎಸ್ಟರ್ ಹೆಚ್ಚು. ಹಳೆಯ ಕಾಸ್ಟಿಕ್, ಬೋರ್ ನೀರು, ತೆರೆದಿಟ್ಟ ಬಾಟಲಿ ಇವುಗಳ ಗುರುತು ಇದು.

ಖಚಿತ ಮಾಡಿಕೊಳ್ಳಲು ಉಳಿದ ಮಿಶ್ರಣವನ್ನು ಬಿಗಿಯಾಗಿ ಮುಚ್ಚಿ ರಾತ್ರಿ ಬಿಟ್ಟು ಮರುದಿನ ಬೆಳಿಗ್ಗೆ 10 ಮಿಲಿ ತೆಗೆದು ಟೈಟ್ರೇಟ್ ಮಾಡಿ. ಸರಿಯಾಗಿ 24.0 ಮಿಲಿ ಬಂದರೆ ಕಾಸ್ಟಿಕ್ ಪೂರ್ತಿ ಮುಗಿದಿದೆ. 23.2 ಬಂದರೆ 0.002 ಮೋಲಾರ್ ಕಾಸ್ಟಿಕ್ ಉಳಿದಿದೆ, ಅಂದರೆ ಎಸ್ಟರ್ 0.048 ಮಾತ್ರ ಇತ್ತು. ಎಸ್ಟರ್ ಹೆಚ್ಚಿದ್ದರೆ ಮಾತ್ರ ಈ ಪರೀಕ್ಷೆ ಮಾತಾಡುವುದಿಲ್ಲ, ಎಷ್ಟೇ ಹೆಚ್ಚಿದ್ದರೂ 24.0 ಎಂದೇ ತೋರಿಸುತ್ತದೆ. ಅದಕ್ಕೆ ಎಸ್ಟರ್ ದ್ರಾವಣ 10 ಮಿಲಿಗೆ ಅಳೆದ 0.1 ಮೋಲಾರ್ ಕಾಸ್ಟಿಕ್ 20 ಮಿಲಿ ಹಾಕಿ, ಬಿಗಿಯಾಗಿ ಮುಚ್ಚಿ 50 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಉಳಿದ ಕಾಸ್ಟಿಕನ್ನು ಆಮ್ಲದಿಂದ ಅಳೆಯಬೇಕು.

ಎರಡರ ನಿಜವಾದ ಸಾರತೆ ಗೊತ್ತಾದರೆ ಪ್ರಯೋಗ ಹಾಳಾಗಿಲ್ಲ. 1/ಸಿ ಸೂತ್ರ ಬಿಟ್ಟು ಅಸಮ ಸಾರತೆಯ ಸೂತ್ರ ಹಿಡಿಯಿರಿ. ಪ್ರತಿ ಮಾದರಿಗೂ ಉಳಿದ ಕಾಸ್ಟಿಕ್ ಸಾರತೆಯನ್ನು ಉಳಿದ ಎಸ್ಟರ್ ಸಾರತೆಯಿಂದ ಭಾಗಿಸಿ ಸ್ವಾಭಾವಿಕ ಲಾಗ್ ತೆಗೆದು ಸಮಯದ ಎದುರು ಹಾಕಿ. ಬರುವ ಇಳಿಜಾರನ್ನು ಆರಂಭದ ಕಾಸ್ಟಿಕ್ ಮತ್ತು ಎಸ್ಟರ್ ಸಾರತೆಗಳ ವ್ಯತ್ಯಾಸದಿಂದ ಭಾಗಿಸಿದರೆ ಕೆ. ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆ ಇದ್ದರೆ ಈ ಸೂತ್ರ ಸಣ್ಣ ಸಂಖ್ಯೆಯನ್ನು ಸಣ್ಣ ಸಂಖ್ಯೆಯಿಂದ ಭಾಗಿಸಿ ಉತ್ತರವನ್ನು ಕುಣಿಸುತ್ತದೆ, ಆಗ 1/ಸಿ ಸೂತ್ರವೇ ವಾಸಿ.

ಗುಲಾಬಿ ಬಣ್ಣ ನಿಲ್ಲುತ್ತಿಲ್ಲ

ಮೊದಲ ಮಾದರಿಗಳಲ್ಲಿ ಇದು ಎದ್ದು ಕಾಣುತ್ತದೆ. ಬ್ಯೂರೆಟ್‌ನಿಂದ ಕೊನೆಯ ಹನಿ ಬಿದ್ದು ತೆಳುವಾದ ಗುಲಾಬಿ ಮೂಡುತ್ತದೆ, ಬಿಳಿ ಹಾಳೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ, ಓದು ಬರೆದುಕೊಳ್ಳುವಷ್ಟರಲ್ಲಿ ಮಾಸತೊಡಗುತ್ತದೆ. ಇನ್ನೊಂದು ಹನಿ ಹಾಕುತ್ತೀರಿ, ಅದೂ ಮಾಸುತ್ತದೆ. ಹೀಗೆ ಅರ್ಧ ಮಿಲಿ ಹೆಚ್ಚು ಹೋಗಿಬಿಡುತ್ತದೆ. ಕಾರಣ, ಫ್ಲಾಸ್ಕಿನಲ್ಲಿ ಇನ್ನೂ ಎಸ್ಟರ್ ಇದೆ. ಆಮ್ಲ ಇದ್ದಾಗ ಅದು ಸುಮ್ಮನಿತ್ತು, ಆಮ್ಲ ಮುಗಿದು ಕ್ಷಾರ ಬಂದ ಕೂಡಲೇ ಮತ್ತೆ ಕಾಸ್ಟಿಕ್ ತಿನ್ನಲು ಶುರು ಮಾಡುತ್ತದೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಕೂಡ ಕೈಜೋಡಿಸುತ್ತದೆ. ಇಡೀ ಫ್ಲಾಸ್ಕಿನಲ್ಲಿ ಬಣ್ಣ ಹರಡಿ 30 ಸೆಕೆಂಡ್ ನಿಂತರೆ ಅದೇ ಅಂತಿಮ ಬಿಂದು. ಆಮೇಲೆ ಮಾಸಿದರೆ ಮಾಸಲಿ. ಆಮ್ಲದ ಫ್ಲಾಸ್ಕುಗಳನ್ನು ಮೊದಲೇ ಐಸ್ ನೀರಿನಲ್ಲಿಟ್ಟಿದ್ದರೆ ಬಣ್ಣ ಹೆಚ್ಚು ಹೊತ್ತು ನಿಲ್ಲುತ್ತದೆ. ಮಾದರಿಗಳನ್ನು ಸಾಲಾಗಿ ಇಟ್ಟು ಸಂಜೆ ಒಟ್ಟಿಗೆ ಟೈಟ್ರೇಟ್ ಮಾಡಬೇಡಿ, ಆಮ್ಲದಲ್ಲೂ ಎಸ್ಟರ್ ನಿಧಾನವಾಗಿ ಒಡೆಯುತ್ತಲೇ ಇರುತ್ತದೆ.

ಕಂಡಕ್ಟಿವಿಟಿ ಮೀಟರ್ ಬಳಸುವವರಿಗೆ

ಹೈಡ್ರಾಕ್ಸೈಡ್ ಅಯಾನು ಅಸಿಟೇಟ್ ಅಯಾನಿಗಿಂತ ಸುಮಾರು ಐದು ಪಟ್ಟು ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ಹಾಗಾಗಿ ಕ್ರಿಯೆ ಮುಂದುವರಿದಂತೆ ವಾಹಕತೆ ಇಳಿಯುತ್ತದೆ. 0.05 ಮೋಲಾರ್ ಮಿಶ್ರಣದಲ್ಲಿ 25 ಡಿಗ್ರಿಗೆ ಸೆಂಟಿಮೀಟರಿಗೆ ಸುಮಾರು 11 ಮಿಲಿಸೀಮೆನ್ಸ್‌ನಿಂದ 4ರ ಹತ್ತಿರಕ್ಕೆ. ಇಲ್ಲಿ ಕೆಡಿಸುವುದು ಹೆಚ್ಚಾಗಿ ಕೊನೆಯ ಓದು. ಒಂದು ಗಂಟೆ ಕಾದು, ಇಷ್ಟೇ ಸಾಕೆಂದು ಅದನ್ನೇ ಕೊನೆಯ ಬೆಲೆ ಎಂದು ಬರೆದರೆ ಗೆರೆ ಕೊನೆಯಲ್ಲಿ ಮೇಲಕ್ಕೆ ಚಿಮ್ಮುತ್ತದೆ. ಕಾಯುವ ಬದಲು 0.05 ಮೋಲಾರ್ ಸೋಡಿಯಂ ಅಸಿಟೇಟ್ ದ್ರಾವಣ ಮಾಡಿ, ಅದೇ ಬಾತ್‌ನಲ್ಲಿ, ಅದೇ ಸೆಲ್‌ನಲ್ಲಿ ಅಳೆಯಿರಿ. ಮೊದಲ ಓದಿಗೂ 0.05 ಮೋಲಾರ್ ಕಾಸ್ಟಿಕನ್ನು ಪ್ರತ್ಯೇಕವಾಗಿ ಅಳೆಯಿರಿ.

ವಾಹಕತೆ ಡಿಗ್ರಿಗೆ ಸುಮಾರು ಶೇಕಡಾ 2 ಏರುತ್ತದೆ. ಮೀಟರಿನ ತಾಪ ಸರಿದೂಗಿಸುವ ಗುಂಡಿ ಮೂರೂ ಅಳತೆಗಳಲ್ಲಿ ಒಂದೇ ಸ್ಥಿತಿಯಲ್ಲಿರಬೇಕು, ಆಫ್ ಮಾಡಿಡುವುದು ಉತ್ತಮ. ಓದು ಥಟ್ಟನೆ ಕುಸಿದು ಮತ್ತೆ ಏರಿದರೆ ಸೆಲ್‌ನ ತಗಡುಗಳ ನಡುವೆ ಗಾಳಿ ಗುಳ್ಳೆ ಸಿಕ್ಕಿದೆ, ಸೆಲ್ ಅನ್ನು ಮೆಲ್ಲಗೆ ತಟ್ಟಿ. ಸೆಲ್ ಸ್ಥಿರಾಂಕದ ಬಗ್ಗೆ ಚಿಂತೆ ಬೇಡ, ಅನುಪಾತದಲ್ಲಿ ಅದು ವಜಾ ಆಗುತ್ತದೆ.

ಹರಿಯುವ ರಿಯಾಕ್ಟರಿನಲ್ಲಿ

ಕಲಕುವ ಟ್ಯಾಂಕ್ ರಿಯಾಕ್ಟರಿನಲ್ಲಿ ಸೂತ್ರ ಬೇರೆ. ಪರಿವರ್ತನೆಯನ್ನು (ಕ್ರಿಯೆ ಮುಗಿಸಿದ ಭಾಗ), ಉಳಿದ ಭಾಗದ ವರ್ಗದಿಂದಲೂ, ವಾಸ ಸಮಯದಿಂದಲೂ (ದ್ರವ ಟ್ಯಾಂಕಿನೊಳಗೆ ಸರಾಸರಿ ನಿಲ್ಲುವ ಹೊತ್ತು), ಬೆರೆತ ಮೇಲಿನ ಆರಂಭದ ಸಾರತೆಯಿಂದಲೂ ಭಾಗಿಸಿದರೆ ಕೆ. 500 ಮಿಲಿ ಟ್ಯಾಂಕಿಗೆ ಎರಡೂ ಕಡೆಯಿಂದ ನಿಮಿಷಕ್ಕೆ 50 ಮಿಲಿ ಬಂದರೆ ವಾಸ ಸಮಯ 5 ನಿಮಿಷ, ಬೆರೆತ ಮೇಲೆ ಎರಡೂ 0.05 ಮೋಲಾರ್ ಇದ್ದರೆ 30 ಡಿಗ್ರಿಯಲ್ಲಿ ಪರಿವರ್ತನೆ ಸುಮಾರು ಶೇಕಡಾ 52 ಬರಬೇಕು.

ಇಲ್ಲಿ ನಂಬಬಾರದ್ದು ಹರಿವು ತೋರಿಸುವ ರೋಟಾಮೀಟರ್. ತೇಲುವ ಗುಂಡಿನ ಮೇಲೆ ಕಾಸ್ಟಿಕ್ ಕಟ್ಟಿಕೊಂಡರೆ ಅಥವಾ ಮೇಲಿನ ಟ್ಯಾಂಕಿನ ಮಟ್ಟ ಇಳಿದರೆ ಓದು ಒಂದು, ಹರಿವು ಇನ್ನೊಂದು. 50 ಎಂದು ಓದಿ ನಿಜವಾಗಿ 42 ಹರಿದರೆ ಕೆ ಸುಳ್ಳೇ ಶೇಕಡಾ 19 ಹೆಚ್ಚು ಬರುತ್ತದೆ. ಓಟದ ಮೊದಲು ಮತ್ತು ಕೊನೆಗೆ ಎರಡೂ ಕೊಳವೆಗಳನ್ನು ಅಳತೆ ಜಾಡಿಗೆ ಎರಡು ನಿಮಿಷ ಬಿಟ್ಟು ಅಳೆಯಿರಿ. ಟ್ಯಾಂಕಿನ ಗಾತ್ರವನ್ನೂ ಕಲಕುವ ಮೋಟಾರು ಓಡುತ್ತಿರುವಾಗಲೇ ಹಿಡಿಯಬೇಕು, ಸುಳಿ ಎದ್ದರೆ ಒಳಗೆ ನಿಲ್ಲುವ ದ್ರವ ಕಡಿಮೆ. ವಾಸ ಸಮಯದ ಐದು ಪಟ್ಟು, ಇಲ್ಲಿ 25 ನಿಮಿಷ, ಕಾಯದೆ ಮಾದರಿ ತೆಗೆಯಬೇಡಿ. ಮಧ್ಯೆ ಕರೆಂಟ್ ಹೋಗಿ ಬಂದರೆ ಪಂಪ್ ಮತ್ತೆ ತಿರುಗಿದ ಗಳಿಗೆಯಿಂದ ಆ 25 ನಿಮಿಷವನ್ನು ಹೊಸದಾಗಿ ಎಣಿಸಿ.

ಸಕ್ರಿಯಣ ಶಕ್ತಿ 47ರ ಬದಲು 30 ಅಥವಾ 62 ಬಂದರೆ

ಕೆಲ್ವಿನ್ ಹಾಕಿದ್ದೀರೋ ಸೆಲ್ಸಿಯಸ್ಸೋ ಎಂದು ಮೊದಲು ನೋಡಿ. ಅದು ಸರಿಯಿದ್ದರೆ ದೋಷ ಉಷ್ಣಾಂಶಗಳ ಆಯ್ಕೆಯಲ್ಲಿದೆ. 30 ಮತ್ತು 35ರಲ್ಲಿ ಮಾತ್ರ ಅಳೆದು, ಎರಡೂ ಕೆ ಬೆಲೆಗಳಲ್ಲಿ ಶೇಕಡಾ 5ರ ತಪ್ಪು ವಿರುದ್ಧ ದಿಕ್ಕಿಗೆ ಬಿದ್ದರೆ ಸಕ್ರಿಯಣ ಶಕ್ತಿ ಸುಮಾರು 15 ಕಿಲೋಜೌಲ್ ತಪ್ಪುತ್ತದೆ, ಅಂದರೆ ಮೂರನೇ ಒಂದು ಭಾಗ. ಅದೇ ತಪ್ಪು 30 ಮತ್ತು 50ರ ನಡುವೆ ಬಿದ್ದರೆ 4 ಕಿಲೋಜೌಲ್ ಅಷ್ಟೇ. ರಾಯಚೂರಿನ ಔಷಧ ಕಚ್ಚಾವಸ್ತು ಘಟಕಗಳಲ್ಲಿ ಜಾಕೆಟ್ ರಿಯಾಕ್ಟರಿನ ತಂಪು ಸಾಲುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುವಾಗ ಇದೇ ಸಂಖ್ಯೆ ಬೇಕಾಗುತ್ತದೆ. ಮೂರನೇ ಒಂದು ಭಾಗ ಕಡಿಮೆ ಹಿಡಿದವರಿಗೆ ಉಷ್ಣಾಂಶ ಏರಿದಾಗ ಕ್ರಿಯೆ ಎಷ್ಟು ಜೋರಾಗುತ್ತದೆ ಎಂಬುದು ಕಾಣುವುದಿಲ್ಲ.

ಹಾಗಾಗಿ ಕನಿಷ್ಠ ನಾಲ್ಕು ಉಷ್ಣಾಂಶ, 20 ಡಿಗ್ರಿಯ ಹರವು. 50 ಡಿಗ್ರಿಯಲ್ಲಿ 0.05 ಮೋಲಾರ್ ಮಿಶ್ರಣ 42 ಸೆಕೆಂಡಿಗೆ ಅರ್ಧ ಮುಗಿಯುತ್ತದೆ, ಪಿಪೆಟ್ ಕೈಗೆ ಎತ್ತಿಕೊಳ್ಳುವಷ್ಟರಲ್ಲಿ ಮೊದಲ ಮಾದರಿಯ ಹೊತ್ತು ಮೀರಿರುತ್ತದೆ. ಆ ಓಟಕ್ಕೆ ಎರಡೂ ದ್ರಾವಣಗಳನ್ನು 0.02 ಮೋಲಾರ್ ಮಾಡಿ, ಬೆರೆತಾಗ 0.01, ಅರ್ಧಕ್ಕೆ ಇಳಿಯಲು ಮೂರೂವರೆ ನಿಮಿಷ ಸಿಗುತ್ತದೆ. ಮಾದರಿ 20 ಮಿಲಿ ತೆಗೆದು 0.025 ಮೋಲಾರ್ ಆಮ್ಲ 10 ಮಿಲಿಗೆ ಸುರಿಯಿರಿ, ಬ್ಯೂರೆಟ್‌ನಲ್ಲಿ 0.01 ಮೋಲಾರ್ ಕಾಸ್ಟಿಕ್ ಇರಲಿ. ಅಷ್ಟು ತೆಳುವಾದ ಕಾಸ್ಟಿಕ್ ಗಾಳಿಗೆ ಬೇಗ ಸೊರಗುತ್ತದೆ, ಅವತ್ತೇ ಮಾಡಿ, ಅವತ್ತೇ ಅಳೆದು, ಅವತ್ತೇ ಮುಗಿಸಿ.